ಅಮ್ಮನ ಟ್ರೀಟ್‌ಮೆಂಟ್ ಮುಗೀತು, ರಿಪೋರ್ಟ್ ಕ್ಲಿಯರ್ ಇದೆ, ಆದ್ರೆ ಅಮ್ಮ ಮಾತೇ ಕಮ್ಮಿ ಮಾಡಿಬಿಟ್ಟಿದ್ದಾರೆ – ಏನ್ ಮಾಡ್ಲಿ?

ಹಾಸನದ ಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಇಲ್ಲಿ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ, ಮನೇಲಿ ಯಾರ ಹತ್ರನೂ ಹೇಳ್ಕೊಳ್ಳೋಕೆ ಆಗ್ತಿಲ್ಲ.

ನಮ್ಮಮ್ಮಂಗೆ 54 ವರ್ಷ. ಹೋದ ವರ್ಷ ಗಣಪತಿ ಹಬ್ಬದ ಹಿಂದಿನ ವಾರ ಎಡಗಡೆ ಎದೇಲಿ ಗಂಟು ಇದೆ ಅಂತ ಹೇಳಿದ್ರು. ನೋವಿರ್ಲಿಲ್ಲ, ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದಂತೆ, ಹಬ್ಬದ ಕೆಲಸ, ತಂಗಿ ಬಾಣಂತನ ಅಂತ ಎರಡು ತಿಂಗಳು ಬಾಯೇ ಬಿಟ್ಟಿರ್ಲಿಲ್ಲ. ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಿಸಿದ್ವಿ, ಸ್ತನ ಕ್ಯಾನ್ಸರ್ ಅಂತ ಬಂತು, ಆಮೇಲೆ ಆಪರೇಷನ್ (ಆ ಕಡೆದು ಪೂರ್ತಿ ತೆಗೆದ್ರು, ಕಂಕುಳಿನ ಗಂಟುಗಳನ್ನೂ), ಆಮೇಲೆ 8 ಕೀಮೋ, ಆಮೇಲೆ 15 ದಿನ ಕರೆಂಟ್ (ರೇಡಿಯೇಷನ್) ಕೊಟ್ರು. ಎಲ್ಲಾ ಮುಗಿದು ಐದು ತಿಂಗಳಾಗ್ತಾ ಬಂತು. ಈಗ ದಿನಾ ಒಂದು ಲೆಟ್ರೋಝೋಲ್ ಮಾತ್ರೆ (ಕಾಯಿಲೆ ವಾಪಸ್ ಬರದ ಹಾಗೆ ಕೊಡೋದು), ಮೂರು ತಿಂಗಳಿಗೊಂದ್ಸಲ ಚೆಕಪ್. ಹೋದ ಚೆಕಪ್ಪಲ್ಲಿ ಡಾಕ್ಟ್ರು ಎಲ್ಲಾ ಚೆನ್ನಾಗಿದೆ, ಆರಾಮಾಗಿರಿ ಅಂದ್ರು, ನಾವೆಲ್ಲ ಖುಷಿಯಾಗಿ ಬರುವಾಗ ಹೋಟ್ಲಲ್ಲಿ ಊಟ ಮಾಡ್ಕೊಂಡು ಬಂದ್ವಿ, ಅಮ್ಮ ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದ್ರು.

ಸಮಸ್ಯೆ ಏನಂದ್ರೆ ಅಮ್ಮ ಅಮ್ಮನ ಥರ ಇಲ್ಲ. ಮೊದಲೆಲ್ಲ ಬೀದಿಗೇ ಕೇಳಿಸೋ ಹಾಗೆ ಮಾತಾಡೋರು. ಈಗ ಕೇಳಿದ್ದಕ್ಕೆ ಹ್ಞೂಂ, ಇಲ್ಲ, ಅಷ್ಟೆ. ರಾತ್ರಿ ಎರಡು ಗಂಟೆಗೆ ಎದ್ದು ಹಜಾರದಲ್ಲಿ ಲೈಟ್ ಹಾಕ್ದೆ ಕೂತಿರ್ತಾರೆ. ಕೂದ್ಲು ಬಂದಿದೆ, ಗುಂಗುರು ಗುಂಗುರಾಗಿ ಚೆನ್ನಾಗೇ ಬಂದಿದೆ, ಆದ್ರೂ ತಲೆ ಮೇಲೆ ಸೆರಗು. ಚಿಕ್ಕಮ್ಮನ ಮಗಳ ಮದುವೆಗೆ ಬರ್ಲೇ ಇಲ್ಲ. ಸೀರೆ ತೆಗೆದಿಟ್ಟಿದ್ವಿ, ಬೆಳಿಗ್ಗೆ ಎದ್ದು ಬ್ಲೌಸ್ ಹಾಕ್ಕೊಂಡ್ರು, ಎಡಗಡೆ ಒಂದು ಕರ್ಚೀಫ್ ಮಡಚಿ ಇಟ್ಕೊಂಡ್ರು, ಸರಿ ಮಾಡಿ ಸರಿ ಮಾಡಿ ಕೊನೆಗೆ ಹುಕ್ ಬಿಚ್ಚಿ ಮಂಚದ ಮೇಲೆ ಕೂತುಬಿಟ್ರು, ನೀವು ಹೋಗಿ ಬನ್ನಿ ನಂಗೆ ತಲೆ ನೋಯ್ತಿದೆ ಅಂದ್ರು.

ಅಪ್ಪ, ಮಾವ, ನಾನು, ಎಲ್ಲರೂ ದಿನಾ ಹೇಳ್ತೀವಿ, ಧೈರ್ಯವಾಗಿರು, ಗೆದ್ದು ಬಂದಿದೀಯ, ಪಾಸಿಟಿವ್ ಆಗಿರು ಅಂತ. ಹೇಳಿದಷ್ಟೂ ಇನ್ನೂ ಒಳಗೆ ಹೋಗ್ತಿದಾರೆ ಅನ್ಸತ್ತೆ. ಟೆನ್ಷನ್ ಮಾಡ್ಕೊಂಡ್ರೆ ಕಾಯಿಲೆ ವಾಪಸ್ ಬರತ್ತೆ ಅಂತ ಬೇರೆ ಯಾರೋ ಹೇಳಿದಾರೆ, ಅದು ಕೇಳಿದ ಮೇಲೆ ನಂಗೇ ನಿದ್ದೆ ಇಲ್ಲ. ಇದು ಮಾಮೂಲಾ, ಇಲ್ಲ ಡಿಪ್ರೆಷನ್ನಾ? ಅಮ್ಮನ್ನ ಹೇಗೆ ಪಾಸಿಟಿವ್ ಮಾಡೋದು?

ನಿವೃತ್ತ ಮೇಷ್ಟ್ರು:

ಮಗಳೇ, ನಿಮ್ಮ ತಾಯಿಯವರು ಬೇಗ ಚೇತರಿಸ್ಕೊಳ್ಳಲಿ. ನಮ್ಮ ಅಕ್ಕನಿಗೂ ಇದೇ ಕಾಯಿಲೆ ಬಂದಿತ್ತು, 14 ವರ್ಷ ಆಯ್ತು, ಇವತ್ತಿಗೂ ಗಟ್ಟಿಯಾಗಿದ್ದಾಳೆ, ಅದಕ್ಕೆ ಕಾರಣ ಅವಳ ಮನೋಬಲ ಅಂತ ನಾನು ನಂಬಿದೀನಿ. ಒಂದು ದಿನ ಕಣ್ಣೀರು ಹಾಕ್ಲಿಲ್ಲ. ಮನಸ್ಸು ಗಟ್ಟಿ ಇದ್ರೆ ಅರ್ಧ ರೋಗ ಹೋದ ಹಾಗೆ. ನಿಮ್ಮ ತಾಯಿಗೆ ದುಃಖದ ಯೋಚನೆ ಬರದ ಹಾಗೆ ನೋಡ್ಕೊಳ್ಳಿ, ಕಾಯಿಲೆ ವಿಷಯ ಮನೇಲಿ ಎತ್ತಲೇಬೇಡಿ, ಬೆಳಿಗ್ಗೆ ಪ್ರಾಣಾಯಾಮ ಮಾಡಿಸಿ. ಒಳ್ಳೇದಾಗತ್ತೆ.

ಹುಬ್ಬಳ್ಳಿ ಅಕ್ಕ:

ತಂಗಿ, ನೀ ಬರದದ್ದು ಓದಿ ಆ ಕರ್ಚೀಫಿನ ಕಡಿಗೆ ಬಂದು ನಿಂತಬಿಟ್ನಿ. ನಾನೂ ಹಂಗ ಮಾಡೇನಿ. ನಂಗ 2016ರಾಗ ಬಂತು, ಆವಾಗ 43 ವಯಸ್ಸು, ಬಲಗಡೆ ತಗದ್ರು. ಮೇಷ್ಟ್ರು ಹಿರಿಯರು, ಅವರ ಅಕ್ಕಗ ಇನ್ನೂ ನೂರು ವರ್ಷ ಆಯುಷ್ಯ ಆಗ್ಲಿ, ಆದ್ರ ಅವರ ಮಾತು ನಾ ಒಪ್ಪಂಗಿಲ್ರಿ. ಅಕ್ಕಾರು ಅಳಲಿಲ್ಲ ಅಂತ ಹೇಳ್ತೀರಿ, ಯಾರ ಮುಂದ ಅಳಲಿಲ್ಲ ಅಂತ ಅಷ್ಟ ನಮಗ ಗೊತ್ತಿರ್ತದ. ನಾನೂ ನಮ್ಮ ಮನ್ಯಾಗ ಯಾರ ಮುಂದೂ ಅತ್ತಿಲ್ಲ. ಮುಂಜಾನೆ ಕುಕ್ಕರ್ ಇಟ್ಟು ಸೀಟಿ ಹೊಡಿಯೂ ಹೊತ್ತಿಗೆ ಹಿತ್ತಲಕ್ಕ ಹೋಗಿ ಅಳ್ತಿದ್ನಿ, ಸೀಟಿ ಸಪ್ಪಳದಾಗ ಮಕ್ಕಳಿಗೆ ಕೇಳಬಾರ್ದಂತ. ಮೂರು ಸೀಟಿಗೆ ಮುಗಿಸಿ ಮಾರಿ ತೊಳ್ಕೊಂಡು ಒಳಗ ಬರ್ತಿದ್ನಿ. ಎಲ್ಲಾರೂ ಅಂತಿದ್ರು, ನೋಡ್ರಿ ಎಷ್ಟು ಗಟ್ಟಿಗಿತ್ತಿ ಅಂತ.

ಆ ಧೈರ್ಯ ಅನ್ನೂ ಮಾತು ಐತಲ್ಲ, ಅದು ನಮಗ ಇನ್ನೊಂದು ಕೆಲಸ ಹಚ್ಚಿದಂಗ. ಮೈ ಮೊದ್ಲ ಸುಸ್ತಾಗಿರ್ತದ, ಅದರ ಮ್ಯಾಲ ಮನಿ ಮಂದಿಗೆಲ್ಲ ನಾನ ಧೈರ್ಯ ತೋರಸಬೇಕು. ಟೆನ್ಷನ್ ಮಾಡ್ಕೊಂಡ್ರ ವಾಪಸ್ ಬರ್ತದ ಅಂತ ನಂಗೂ ಹೇಳಿದ್ರು, ಅವತ್ತಿನಿಂದ ನಂಗ ಟೆನ್ಷನ್ ಆದ್ರೂ ಅಂಜಿಕಿ, ಅಯ್ಯ ನಾ ಟೆನ್ಷನ್ ಮಾಡ್ಕೊಂಡ್ನೆಲ್ಲ ಇನ್ನ ಬಂತು ಅಂತ ಅದಕ್ಕೊಂದು ಟೆನ್ಷನ್. ದಯವಿಟ್ಟು ಆ ಮಾತು ಅವ್ವನ ಕಿವಿಗೆ ಬೀಳಗೊಡಬ್ಯಾಡ.

ಇನ್ನೊಂದು, ಟ್ರೀಟ್ಮೆಂಟ್ ನಡದಾಗ ಅಷ್ಟು ಕುಸದಿರಲಿಲ್ಲ ನಾನು, ಮುಗದ ಮ್ಯಾಲ ಕುಸದ್ನಿ. ಯಾಕಂದ್ರ ಆವಾಗ ಮೂರು ವಾರಕ್ಕೊಮ್ಮೆ ಆಸ್ಪತ್ರಿ, ಸಿಸ್ಟರ್ ಮಾತಾಡಸ್ತಿದ್ರು, ಬಾಜು ಕುರ್ಚ್ಯಾಗ ನನ್ನಂಥಾಕಿ ಒಬ್ಬಾಕಿ ಇರ್ತಿದ್ಲು, ಏನೋ ಔಷಧ ಹೊಂಟೈತಿ ಮೈಯಾಗ, ರೋಗದ ಸಂಗಟ ಬಡದಾಡಾಕತ್ತದ ಅನ್ನೂ ಧೈರ್ಯ. ಎಲ್ಲಾ ಮುಗಿಸಿ ಇನ್ನ ಮೂರು ತಿಂಗಳು ಬಿಟ್ಟು ಬರ್ರಿ ಅಂದ ದಿನ ನಂಗ ನಡು ಹೊಳ್ಯಾಗ ಕೈ ಬಿಟ್ಟಂಗಾತು. ಮನಿ ಮಂದಿಗೆ ಅವತ್ತು ಹಬ್ಬ. ನಿಮ್ಮವ್ವ ಹೋಟೆಲಿನ್ಯಾಗ ತಾಟು ಸರಿಸಿದ್ದು ಅದಕ್ಕ ಇರ್ಬಹುದು.

ಈಗ ಕೆಲಸದ ಮಾತು. ಕರ್ಚೀಫ್ ನಿಲ್ಲಂಗಿಲ್ಲವಾ, ಕೈ ಎತ್ತಿದ್ರ ಸರದು ಮ್ಯಾಲ ಬರ್ತದ, ಅದಕ್ಕ ಅಂಜಿ ಕೈಯ ಎತ್ತಂಗಿಲ್ಲ, ಭುಜ ಬಿಗದು ನೋವು ಹಿಡಿತದ. ನಾ ಏನ್ ಮಾಡಿದ್ನೆಂದ್ರ, ಹಳೇ ಕಾಟನ್ ಸೀರಿದು ಸಣ್ಣ ಚೀಲ ಹೊಲದು ಅದ್ರಾಗ ಹತ್ತಿ ಅರಳಿ, ನಡುವ ಒಂದು ಮುಷ್ಟಿ ಸಾಸಿವಿ ಹಾಕಿದ್ನಿ, ತೂಕಕ್ಕ. ಎರಡೂ ಕಡೆ ತೂಕ ಸಮ ಇರಲಿಲ್ಲಂದ್ರ ಬೆನ್ನು ಒಂದ ಕಡೆ ವಾಲ್ತದ. ಬ್ಲೌಸಿನ ಒಳಗ ಒಂದು ಜೇಬು ಹೊಲಸಬೇಕು, ಆವಾಗ ಸರಿಯಂಗಿಲ್ಲ. ಆಮ್ಯಾಲ ಸಿಲಿಕೋನ್‌ದು ತಗೊಂಡ್ನಿ, ರೊಕ್ಕ ಜಾಸ್ತಿ ಆದ್ರ ಛಲೋ ಐತಿ, ಅದಕ್ಕಂತ ಜೇಬು ಇರೂ ಬ್ರಾನೂ ಬರ್ತದ. ನೂಲಿಲೆ ಹೆಣದದ್ದೂ ಸಿಗ್ತದ, ಹಗುರ, ಬ್ಯಾಸಗ್ಯಾಗ ಬೆವರಂಗಿಲ್ಲ. ನಿಮ್ಮವ್ವನ ಟೇಲರ್ ಹೆಣ್ಣುಮಗಳಿದ್ರ ಆಕಿ ಕಡಿಗೆ ಕರ್ಕೊಂಡು ಹೋಗು, ನೀನ ಮುಂದ ಹೋಗಿ ಹೇಳು, ಅವ್ವಗ ಬಾಯಿ ಬಿಟ್ಟು ಹೇಳೂ ಹಂಗ ಮಾಡಬ್ಯಾಡ. ನಾ ಮೊದಲನೇ ಸಲ ಜೇಬಿನ ಬ್ಲೌಸ್ ಹಾಕ್ಕೊಂಡು ಅರಿಷಿಣ ಕುಂಕುಮಕ್ಕ ಹೋದಾಗ ಯಾರೂ ನನ್ನ ಎದಿ ನೋಡಲಿಲ್ಲ, ಮಾರಿ ನೋಡಿ ಮಾತಾಡಿದ್ರು, ಆ ಸಂಜಿ ನಂಗ ಇನ್ನೂ ನೆನಪೈತಿ.

ಬೆಂಗ್ಳೂರು ಕೌನ್ಸೆಲರ್:

ಹುಬ್ಬಳ್ಳಿ ಅಕ್ಕ ಬರೆದಿದ್ದಕ್ಕೆ ನಾನು ಸೇರಿಸೋದು ಸ್ವಲ್ಪನೇ. ಕ್ಯಾನ್ಸರ್ ವಾರ್ಡಲ್ಲಿ 9 ವರ್ಷದಿಂದ ಕೌನ್ಸೆಲರ್ ಆಗಿದೀನಿ, ಡಾಕ್ಟರ್ ಅಲ್ಲ. ಮುಗಿದ ಮೇಲೆ ಕುಸಿಯೋದು ನಾವು ತುಂಬಾ ನೋಡ್ತೀವಿ, ಅದೇ ಸಮಯದಲ್ಲಿ ಮನೆಯವರು, ಆಸ್ಪತ್ರೆಯವರು ಎಲ್ಲರೂ ಉಸಿರು ಬಿಟ್ಟು ಹಿಂದೆ ಸರೀತಾರೆ.

ಮೊದಲು ಆ ಟೆನ್ಷನ್ ವಿಷಯ, ಯಾಕಂದ್ರೆ ನಿಮ್ಮ ನಿದ್ದೆನೂ ಹೋಗಿದೆ ಅಂದ್ರಿ. ಧೈರ್ಯವಾಗಿ ಹೋರಾಡೋರು ಜಾಸ್ತಿ ಬದುಕ್ತಾರೆ ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಇಂಗ್ಲೆಂಡಿನಲ್ಲಿ ಶುರುವಿನ ಹಂತದ ಸ್ತನ ಕ್ಯಾನ್ಸರ್ ಇದ್ದ 578 ಹೆಂಗಸರನ್ನ ಐದು ವರ್ಷ ಗಮನಿಸಿ 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹೋರಾಟದ ಮನೋಭಾವ ಇದ್ದೋರಿಗೂ ಇಲ್ಲದೋರಿಗೂ ಬದುಕುಳಿಯೋದ್ರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೇನೂ ಆಗಲ್ಲ ಅಂತ ಪೂರ್ತಿ ಕೈಚೆಲ್ಲಿ ಕೂತೋರಲ್ಲಿ, ಗಂಭೀರ ಖಿನ್ನತೆ ಇದ್ದೋರಲ್ಲಿ ಮಾತ್ರ ಫಲಿತಾಂಶ ಅಷ್ಟು ಚೆನ್ನಾಗಿರ್ಲಿಲ್ಲ, ಅದಕ್ಕೇ ಖಿನ್ನತೆಗೆ ಟ್ರೀಟ್‌ಮೆಂಟ್ ಕೊಡಿಸ್ಬೇಕು ಅನ್ನೋದು. ಆದ್ರೆ ಅಳೋದ್ರಿಂದ, ಹೆದರೋದ್ರಿಂದ, ಒಂದಿಷ್ಟು ದಿನ ಮಂಕಾಗಿರೋದ್ರಿಂದ ಗಡ್ಡೆ ವಾಪಸ್ ಬರಲ್ಲ. ಅಮ್ಮನ ಕಾಯಿಲೆಗೆ ಅಮ್ಮನ ಮನಸ್ಸನ್ನ ಹೊಣೆ ಮಾಡ್ಬೇಡಿ.

ಹಾಗಂತ ಮನಸ್ಸಿನ ಕಡೆ ನೋಡೋದು ವ್ಯರ್ಥ ಅಂತ ಅಲ್ಲ, ಮೇಷ್ಟ್ರ ಮಾತಲ್ಲಿ ಸತ್ಯ ಇರೋದು ಇಲ್ಲೇ. ಅಮೆರಿಕದಲ್ಲಿ ಡೇವಿಡ್ ಸ್ಪೀಗಲ್ ಅನ್ನೋ ಮನೋವೈದ್ಯರು ಕಾಯಿಲೆ ಹರಡಿದ್ದ 86 ಹೆಂಗಸರಲ್ಲಿ ಕೆಲವರನ್ನ ವಾರಕ್ಕೊಂದ್ಸಲ ಗುಂಪಲ್ಲಿ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿಸಿದ್ರು, ಅವರು ಹೆಚ್ಚು ದಿನ ಬದುಕಿದ್ರು ಅಂತ 1989ರಲ್ಲಿ ಬರೆದ್ರು, ಜಗತ್ತೆಲ್ಲ ಸುದ್ದಿಯಾಯ್ತು. 2001ರಲ್ಲಿ ಕೆನಡಾದವರು 235 ಹೆಂಗಸರ ಮೇಲೆ ಅದನ್ನೇ ಮಾಡಿ ನೋಡಿದಾಗ ಆಯುಷ್ಯ ಹೆಚ್ಚಲಿಲ್ಲ. ಆದ್ರೆ ಮಾತಾಡಿದೋರ ಮನಸ್ಸು ಹಗುರ ಆಯ್ತು, ನೋವು ಕೂಡ ಕಡಿಮೆ ಅನ್ನಿಸ್ತು, ಅದರಲ್ಲೂ ಮೊದಲೇ ತುಂಬಾ ಸಂಕಟದಲ್ಲಿದ್ದೋರಿಗೆ. ನನಗೆ ಅಷ್ಟು ಸಾಕು, ಇರೋ ದಿನ ಚೆನ್ನಾಗಿರೋದು ಸಣ್ಣ ವಿಷಯ ಅಲ್ಲ. ಪ್ರಾಣಾಯಾಮ, ಯೋಗದ ಬಗ್ಗೆಯೂ ಹಾಗೇ, ಜಿಗಣಿಯ ವ್ಯಾಸ ಯೋಗ ವಿಶ್ವವಿದ್ಯಾಲಯದವರು ಬೆಂಗ್ಳೂರಿನ ಸ್ತನ ಕ್ಯಾನ್ಸರ್ ಪೇಷೆಂಟ್‌ಗಳ ಮೇಲೆ ಅಧ್ಯಯನ ಮಾಡಿದಾರೆ, ಕೀಮೋ ಟೈಮಲ್ಲಿ ವಾಕರಿಕೆ, ಆತಂಕ ಕಡಿಮೆ ಆಗಿದ್ದು ಕಂಡಿದೆ. ಅಮ್ಮಂಗೆ ಇಷ್ಟ ಇದ್ರೆ ಮಾಡ್ಲಿ. ಮಾಡ್ಲಿಲ್ಲ ಅಂದ್ರೆ ಅದೊಂದು ತಪ್ಪು ಅನ್ನೋ ಹಾಗೆ ಆಗ್ಬಾರ್ದು.

ಮಾಮೂಲಾ ಡಿಪ್ರೆಷನ್ನಾ ಅಂತ ಕೇಳಿದ್ರಿ. ಇಲ್ಲಿ ಕೂತು ಹೇಳಕ್ಕಾಗಲ್ಲ, ಆದ್ರೆ ನಾವು ನೋಡೋದು ಹೀಗೆ. ಎರಡು ವಾರಕ್ಕಿಂತ ಜಾಸ್ತಿ, ದಿನದ ಹೆಚ್ಚು ಹೊತ್ತು ಬೇಸರ, ಮೊದಲು ಇಷ್ಟ ಇದ್ದಿದ್ದು ಯಾವುದೂ ಬೇಡ, ನಾನು ನಿಮಗೆಲ್ಲ ಹೊರೆ ಅನ್ನೋ ಮಾತು, ಇದ್ದು ಏನು ಪ್ರಯೋಜನ ಅನ್ನೋ ಮಾತು ಇದ್ರೆ ತಡ ಮಾಡ್ದೆ ಮನೋವೈದ್ಯರ ಹತ್ರ ಹೋಗ್ಬೇಕು. ಬರೀ ಸುಸ್ತು, ಊಟ ಸೇರಲ್ಲ, ನಿದ್ದೆ ಇಲ್ಲ ಅನ್ನೋದ್ರಿಂದ ತೀರ್ಮಾನ ಮಾಡಕ್ಕಾಗಲ್ಲ, ಅದು ಕೀಮೋ, ರೇಡಿಯೇಷನ್‌ನಿಂದಲೂ ತಿಂಗಳುಗಟ್ಟಲೆ ಉಳಿಯತ್ತೆ. ಆಸ್ಪತ್ರೆ ಪೇಷೆಂಟ್‌ಗಳಿಗೆ ಅಂತಲೇ 1983ರಲ್ಲಿ 14 ಪ್ರಶ್ನೆಯ ಒಂದು ಸ್ಕೇಲ್ ಮಾಡಿದ್ರು, ಆತಂಕಕ್ಕೆ 7, ಖಿನ್ನತೆಗೆ 7, ಅದರಲ್ಲಿ ಮೈ ಸುಸ್ತಿನ ಪ್ರಶ್ನೆಗಳನ್ನ ಬೇಕಂತಲೇ ಬಿಟ್ಟಿದಾರೆ. ಅದಕ್ಕಿಂತ ಸುಲಭದ್ದು ಇದೆ, ಜ್ವರ ನೋಡೋ ಥರ್ಮಾಮೀಟರ್ ಚಿತ್ರ, 0ಯಿಂದ 10, ಹೋದ ವಾರ ಎಷ್ಟು ಸಂಕಟ ಆಯ್ತು ಬೆರಳಿಟ್ಟು ತೋರಿಸಿ ಅಂತೀವಿ. 4 ಅಥವಾ ಮೇಲೆ ತೋರಿಸಿದ್ರೆ ಕೂರಿಸಿ ಮಾತಾಡ್ತೀವಿ. ಎಷ್ಟೋ ಜನ ಅಮ್ಮಂದಿರು ಬಾಯಲ್ಲಿ ಚೆನ್ನಾಗಿದೀನಿ ಕಣಮ್ಮ ಅಂತಾರೆ, ಬೆರಳು ಮಾತ್ರ 8ರ ಮೇಲೆ ಹೋಗಿ ಕೂತ್ಕೊಳ್ಳತ್ತೆ.

ಸ್ತನ ಕ್ಯಾನ್ಸರ್‌ಗೆ ಅಂತಲೇ ಬೇರೆ ಒಂದು ಪ್ರಶ್ನಾವಳಿ ಇದೆ, 23 ಪ್ರಶ್ನೆ. ಕನ್ನಡಿ ಮುಂದೆ ನಿಲ್ಲೋದು ಕಷ್ಟ ಆಗತ್ತಾ, ಹೆಣ್ತನ ಕಮ್ಮಿ ಆಯ್ತು ಅನ್ಸತ್ತಾ, ಮೈ ಬಿಸಿ ಏರತ್ತಾ, ಕೈ ಊದತ್ತಾ, ಗಂಡ ಹೆಂಡತಿ ಸಂಬಂಧ ಹೇಗಿದೆ, ಮುಂದೇನು ಅಂತ ಭಯ ಇದೆಯಾ, ಎಲ್ಲಾ ಒಂದೇ ಹಾಳೇಲಿ. ಸ್ಕ್ಯಾನ್ ಕ್ಲಿಯರ್ ಅನ್ನೋ ರಿಪೋರ್ಟಲ್ಲಿ ಇದ್ಯಾವುದೂ ಬರಲ್ಲ. ನಿಮ್ಮಮ್ಮ ರಾತ್ರಿ 2 ಗಂಟೆಗೆ ಏಳೋದು ಚಿಂತೆಯಿಂದಲೇ ಅಂತ ಅಂದ್ಕೋಬೇಡಿ, ಲೆಟ್ರೋಝೋಲ್ ತಗೊಳ್ಳೋರಿಗೆ ಮೈ ಬಿಸಿಯಾಗಿ ಬೆವರಿ ಎಚ್ಚರ ಆಗತ್ತೆ, ಬೆಳಿಗ್ಗೆ ಕೀಲುಗಳು ಹಿಡ್ಕೊಳ್ಳತ್ತೆ. ಕೇಳಿ ನೋಡಿ. ಅದನ್ನ ಡಾಕ್ಟರ್‌ಗೆ ಹೇಳಿದ್ರೆ ದಾರಿ ಇದೆ, ಮಾತ್ರೆ ಮಾತ್ರ ಸ್ವಂತ ನಿಲ್ಲಿಸಬಾರ್ದು. ಸುಸ್ತಿಗೆ ಮಲಗಿಸಿಬಿಡೋದು ತಪ್ಪು, ದಿನಾ ಸ್ವಲ್ಪ ಸ್ವಲ್ಪ ನಡೆಯೋದೇ ಇರೋದ್ರಲ್ಲಿ ಒಳ್ಳೆ ಮದ್ದು. ಕೈ ಭಾರ, ಬಳೆ ಬಿಗಿ ಆಗೋದು ಏನಾದ್ರೂ ಇದ್ರೆ ಫಿಸಿಯೋಥೆರಪಿಸ್ಟ್ ಹತ್ರ ಬೇಗ ತೋರಿಸಿ.

ಮನೋವೈದ್ಯರು ಮಾತ್ರೆ ಬರೆದ್ರೆ ಕ್ಯಾನ್ಸರ್ ಮಾತ್ರೆಗಳ ಚೀಟಿ ತೋರಿಸ್ಲೇಬೇಕು. ಟ್ಯಾಮಾಕ್ಸಿಫೆನ್ ಅನ್ನೋ ಸ್ತನ ಕ್ಯಾನ್ಸರ್ ಮಾತ್ರೆ ತಗೊಳ್ಳೋರಿಗೆ ಇದು ಇನ್ನೂ ಮುಖ್ಯ (ಅಕ್ಕನ ಥರದ ಚಿಕ್ಕ ವಯಸ್ಸಿನೋರು ಓದ್ತಿದ್ರೆ ಗಮನಿಸಿ), ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್ ಥರದ ಕೆಲವು ಖಿನ್ನತೆ ಮಾತ್ರೆಗಳು ಟ್ಯಾಮಾಕ್ಸಿಫೆನ್ ಕೆಲಸ ಮಾಡೋದಕ್ಕೆ ಅಡ್ಡ ಬರತ್ತೆ, ಬದಲಿ ಬೇರೆ ಇವೆ. ಹಾಸನದ ಜಿಲ್ಲಾಸ್ಪತ್ರೇಲೇ ಮನೋರೋಗ ವಿಭಾಗ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಕಾರ್ಯಕ್ರಮ ಇದೆ, ಫೋನಲ್ಲೇ ಆಗ್ಬೇಕಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನೀವೂ ಮಾಡಬಹುದು, ನಿಮ್ಮ ನಿದ್ದೆಗೂ.

ಒಂದು ಪ್ರಶ್ನೆ ಕೇಳ್ಲಾ? ಅಮ್ಮಂಗೆ ತಮಗೆ ಏನಾಗಿತ್ತು ಅಂತ ಯಾರು ಹೇಳಿದ್ರು, ಯಾವಾಗ ಹೇಳಿದ್ರು?

ಹಾಸನದ ಮಲ್ಲಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೌನ್ಸೆಲರ್ ಮೇಡಂ ಕೊನೇ ಪ್ರಶ್ನೆ ಓದಿ ಎರಡು ದಿನ ಉತ್ತರ ಬರೆಯೋಕೆ ಆಗ್ಲಿಲ್ಲ.

ನಾವು ಹೇಳಿಲ್ಲ. ಬಯಾಪ್ಸಿ ರಿಪೋರ್ಟ್ ಬಂದ ದಿನ ಡಾಕ್ಟ್ರು ಅಪ್ಪನ್ನ ಒಬ್ಬರನ್ನೇ ಒಳಗೆ ಕರೆದು ಹೇಳಿದ್ರು, ಅಪ್ಪ ಮಾವ ಸೇರಿ ತೀರ್ಮಾನ ಮಾಡಿದ್ರು, ಅವಳಿಗೆ ತಡ್ಕೊಳ್ಳೋಕೆ ಆಗಲ್ಲ, ನೀರಿನ ಗಂಟು ಅಂತ ಹೇಳೋಣ, ಮುಂದೆ ಕೆಟ್ಟದ್ದು ಆಗ್ಬಾರ್ದು ಅಂತ ಮುನ್ನೆಚ್ಚರಿಕೆಗೆ ತೆಗೀತಾರೆ ಅನ್ನೋಣ ಅಂತ. ನಾನೂ ಹ್ಞೂಂ ಅಂದೆ. ಆಪರೇಷನ್ ಫಾರ್ಮ್ ಇಂಗ್ಲಿಷಲ್ಲಿತ್ತು, ಅಮ್ಮ ಸಹಿ ಹಾಕುವಾಗ ನಾನೇ ಬೆರಳಿಟ್ಟು ಜಾಗ ತೋರಿಸಿದ್ದು. ಕೀಮೋಗೂ ಶಕ್ತಿ ಬರೋ ಡ್ರಿಪ್ ಅಂತ ಹೇಳಿದ್ವಿ. ಎರಡನೇ ಕೀಮೋ ದಿನ ನಾನು ಎಳನೀರು ತರೋಕೆ ಹೋಗಿದ್ದೆ, ಪಕ್ಕದ ಕುರ್ಚಿಲಿ ಇದ್ದ ಆಂಟಿ ಅಮ್ಮನ್ನ ಕೇಳಿದಾರೆ, ನಿಮ್ದು ಎಷ್ಟನೇ ಸ್ಟೇಜಮ್ಮ ಅಂತ. ನಾನು ವಾಪಸ್ ಬಂದಾಗ ಅಮ್ಮ ಡ್ರಿಪ್ ಬಾಟ್ಲಿ ನೋಡ್ತಾ ಕೂತಿದ್ರು. ಆ ಆಂಟಿನೇ ಆಮೇಲೆ ನನ್ನ ಹತ್ರ ಬಂದು ಪಾಪ ಕೈ ಹಿಡ್ಕೊಂಡು ಹೇಳಿದ್ರು, ಗೊತ್ತಿರ್ಲಿಲ್ಲಮ್ಮ ನಂಗೆ ಅಂತ. ಮನೆಗೆ ಬಂದ್ಮೇಲೆ ಅಮ್ಮ ಏನಾದ್ರೂ ಕೇಳ್ತಾರೆ ಅಂತ ಕಾದೆ. ಏನೂ ಕೇಳ್ಲಿಲ್ಲ. ನಾವೂ ಹೇಳ್ಲಿಲ್ಲ. ಫೈಲು ಇವತ್ತಿಗೂ ಅಪ್ಪನ ಬೀರುಲಿದೆ, ಕೀ ಅಪ್ಪನ ಹತ್ರ.

ಇಷ್ಟು ದಿನ ಅಂದ್ಕೊಂಡಿದ್ದೆ, ಕೇಳ್ಲಿಲ್ಲ ಅಂದ್ರೆ ಅಮ್ಮಂಗೆ ಗೊತ್ತಾಗೋದು ಬೇಡ ಅಂತ. ಈಗ ಅನ್ಸತ್ತೆ ನಾವು ಗೆದ್ದು ಬಂದೆ, ಗೆದ್ದು ಬಂದೆ ಅಂದಾಗೆಲ್ಲ ಅಮ್ಮಂಗೆ ಏನನ್ನಿಸಿರ್ಬೇಡ. ಏನಾಗಿತ್ತು ಅಂತಲೇ ಹೇಳ್ದೆ ಏನು ಗೆದ್ದೆ ಅಂತ ಹೇಳಿದ್ವಿ ನಾವು.

ತೀರ್ಥಹಳ್ಳಿಯವ:

ನಾನು ಬರೀ ಓದ್ತಿದ್ದೆ, ಬರೆಯೋ ಯೋಚನೆ ಇರ್ಲಿಲ್ಲ, ಆದ್ರೆ ನಿಮ್ಮ ಅಪ್ಪನ ಜಾಗದಲ್ಲಿ ನಾನು ಇದ್ದವನು ಹಾಗಾಗಿ ಬರೀತಿದೀನಿ. ನಮ್ಮನೆಯವಳಿಗೆ 2019ರಲ್ಲಿ ಆಯ್ತು. ನಾನೂ ಮೊದಲ ಒಂದು ತಿಂಗಳು ಮುಚ್ಚಿಟ್ಟೆ. ಅವಳಿಗೆ ತಡ್ಕೊಳ್ಳೋಕೆ ಆಗಲ್ಲ ಅಂತ ಎಲ್ಲರ ಹತ್ರ ಹೇಳ್ತಿದ್ದೆ, ನಿಜ ಹೇಳ್ಬೇಕಂದ್ರೆ ಅವಳು ಅಳೋದನ್ನ ನೋಡೋಕೆ ನನಗೆ ಆಗ್ತಿರ್ಲಿಲ್ಲ. ನಿಮ್ಮ ಅಪ್ಪನ ಮೇಲೆ ಸಿಟ್ಟು ಮಾಡ್ಕೋಬೇಡಿ ತಂಗಿ, ಅವರು ಆ ಬೀರು ಕೀ ಜೊತೆ ಒಬ್ಬರೇ ಒಂದು ವರ್ಷ ಕಳೆದಿದಾರೆ.

ಇನ್ನೊಂದು ತಪ್ಪೂ ಮಾಡಿದೆ, ಹೆಂಗಸರು ತುಂಬಾ ಇರೋ ಜಾಗದಲ್ಲಿ ಹೇಳೋಕೆ ಸಂಕೋಚ, ಆದ್ರೂ ಯಾರಿಗಾದ್ರೂ ಉಪಯೋಗ ಆದೀತು. ಆಪರೇಷನ್ ಆಗಿ ಬಂದ ಮೇಲೆ ನಾನು ಹಜಾರದಲ್ಲಿ ಮಲಗೋಕೆ ಶುರು ಮಾಡಿದೆ. ಗಾಯದ ನೀರು ಹೊರಗೆ ಬರೋಕೆ ಹಾಕಿದ್ದ ಡ್ರೈನ್ ಪೈಪು ಇತ್ತು, ನಿದ್ದೇಲಿ ನನ್ನ ಕೈ ತಾಗಿ ನೋವಾದ್ರೆ ಅಂತ. ಡ್ರೈನ್ ತೆಗೆದ್ರು, ಹೊಲಿಗೆ ಬಿಚ್ಚಿದ್ರು, ನಾನು ಹಜಾರದಲ್ಲೇ. ಅವಳು ಬೀರು ಕನ್ನಡಿ ಮೇಲೆ ಒಂದು ಹಳೇ ಸೀರೆ ಇಳಿಬಿಟ್ಟಿದ್ದಳು, ನಾಲ್ಕು ತಿಂಗಳು ಅದನ್ನ ನೋಡ್ತಾನೇ ಓಡಾಡಿದೆ, ಯಾಕೆ ಅಂತ ಕೇಳ್ಲಿಲ್ಲ. ಒಂದು ದಿನ ಅಡಿಕೆ ಸುಲಿಯುವಾಗ ತಲೆ ಎತ್ತದೆ ಕೇಳಿದ್ಲು, ನಿಮಗೆ ನನ್ನ ಕಂಡ್ರೆ ಹೇಸಿಗೆ ಆಗತ್ತಾ ಅಂತ. ನಾನು ಅವಳ ಗಾಯಕ್ಕೆ ಹೆದರಿ ದೂರ ಮಲಗಿದ್ದು, ಅವಳು ಅದನ್ನ ಆರು ತಿಂಗಳು ಹಾಗೆ ಅರ್ಥ ಮಾಡ್ಕೊಂಡಿದ್ಲು. ಅವತ್ತು ರಾತ್ರಿ ಇಬ್ಬರೂ ಸೇರಿ ಆ ಸೀರೆ ತೆಗೆದ್ವಿ. ಗಾಯದ ಗುರುತು ನಾನು ಮೊದಲ ಸಲ ನೋಡಿದ್ದು ಅವತ್ತು. ನನ್ನ ತಲೇಲಿ ಇದ್ದದ್ದಕ್ಕಿಂತ ಚಿಕ್ಕದಿತ್ತು.

ಎಲ್ಲಾ ಒಂದೇ ದಿನಕ್ಕೆ ಸರಿ ಹೋಯ್ತು ಅಂತ ಅಲ್ಲ. ಇವತ್ತಿಗೂ ಚೆಕಪ್ ಹಿಂದಿನ ವಾರ ನಮ್ಮನೇಲಿ ಯಾರಿಗೂ ಸರಿಯಾಗಿ ಊಟ ಸೇರಲ್ಲ, ಒಂದು ಕೆಮ್ಮು ಬಂದ್ರೂ ಮುಖ ಮುಖ ನೋಡ್ಕೊಳ್ತೀವಿ. ಆದ್ರೆ ಈಗ ಅವಳು ಹೆದರಿಕೆ ಆಗ್ತಿದೆ ಅಂತಾಳೆ, ನಾನೂ ಹೌದು ಅಂತೀನಿ.

ಬೆಂಗ್ಳೂರು ಕೌನ್ಸೆಲರ್:

ಮಲ್ಲಿಗೆ, ಮುಚ್ಚಿಟ್ಟಿದ್ದು ನಿಮ್ಮನೇಲಿ ಮಾತ್ರ ಅಲ್ಲ, ನಮ್ಮ ವಾರ್ಡ್ ಬಾಗಿಲಲ್ಲಿ ದಿನಾ ಯಾರಾದ್ರೂ ಮಗನೋ ಗಂಡನೋ ನಿಂತು ಅವರಿಗೆ ಹೇಳ್ಬೇಡಿ ಮೇಡಂ ಅಂತಾರೆ. ಪ್ರೀತಿಯಿಂದಲೇ ಮಾಡ್ತಾರೆ. ಆದ್ರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರ್ಬೇಕಾಗಿ ಬಂದಾಗ ಪೇಷೆಂಟ್ ಒಂಟಿ ಆಗ್ತಾರೆ, ಭಯ ಇದೆ ಅಂತ ಹೇಳ್ಕೊಂಡ್ರೆ ನಿಮ್ಮ ಗುಟ್ಟು ಒಡೆಯತ್ತೆ ಅಂತ ಅವರು ನಿಮ್ಮನ್ನ ಕಾಪಾಡ್ತಿರ್ತಾರೆ. ಅಮ್ಮನ ಮೌನಕ್ಕೆ ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ, ಮನೋವೈದ್ಯರಿಗೆ ತೋರಿಸೋದು ತೋರಿಸಿ.

ಮಾತಾಡೋಕೆ ಎಲ್ಲರನ್ನೂ ಸೇರಿಸಿ ಕೂರಿಸ್ಬೇಡಿ, ಪಂಚಾಯ್ತಿ ಥರ ಆಗತ್ತೆ. ಅಪ್ಪನ ಹತ್ರ ಮೊದಲು ಮಾತಾಡಿ. ಆಮೇಲೆ ನೀವಿಬ್ಬರೇ ಇದ್ದಾಗ, ಕೈಯಲ್ಲಿ ಏನಾದ್ರೂ ಕೆಲಸ ಇರ್ಲಿ, ಸೊಪ್ಪು ಬಿಡಿಸೋದೋ ಹೂವು ಕಟ್ಟೋದೋ, ಮುಖ ನೋಡಿ ಮಾತಾಡೋದು ಇಬ್ಬರಿಗೂ ಕಷ್ಟ. ಅಮ್ಮ ನಿಂಗೆ ಏನಾಗಿತ್ತು ಅಂತ ನಾವು ಸರಿಯಾಗಿ ಹೇಳ್ಲಿಲ್ಲ, ತಪ್ಪಾಯ್ತು, ನಿಂಗೆ ಎಷ್ಟು ಗೊತ್ತು, ಇನ್ನೇನು ತಿಳ್ಕೋಬೇಕು ಅನ್ಸತ್ತೆ ಅಂತ ಕೇಳಿ. ಆಮೇಲೆ ಸುಮ್ನೆ ಇರಿ. ಅವರು ಬೈದ್ರೆ ಬೈಸ್ಕೊಳ್ಳಿ, ಅತ್ರೆ ಅಳಬೇಡ ಅನ್ನಬೇಡಿ, ಬೇಡ ಬಿಡು ಅಂದ್ರೆ ಬಿಟ್ಟುಬಿಡಿ, ಬಾಗಿಲು ತೆಗೆದಿದೆ ಅಂತ ಗೊತ್ತಾದ್ರೆ ಸಾಕು. ಕೇಳಿದಷ್ಟೇ ಹೇಳಿ, ಕೇಳಿದ್ದಕ್ಕೆ ಸುಳ್ಳು ಹೇಳ್ಬೇಡಿ.

ಹುಬ್ಬಳ್ಳಿ ಅಕ್ಕ:

ಕೌನ್ಸೆಲರ್ ಅವರು ಹೇಳಿದ್ದು ಖರೆ. ಬೈದ್ರಂತೂ ಛಲೋನ ಆತು ತಿಳ್ಕೋ ತಂಗಿ, ದನಿ ವಾಪಸ್ ಬಂದಂಗ. ಏನಾತು ಅಂತ ಬರಿ, ನಾ ಕಾಯ್ತಿರ್ತೇನಿ.

ಹಾಸನದ ಮಲ್ಲಿಗೆ:

ಮೂರು ವಾರ ಆಯ್ತು, ಅಕ್ಕ ಕಾಯ್ತಿರ್ತೀನಿ ಅಂದಿದ್ರು ಅದಕ್ಕೆ ಬರೀತಿದೀನಿ.

ಅಪ್ಪನ ಹತ್ರ ಮಾತಾಡೋದೇ ಕಷ್ಟ ಆಯ್ತು, ಮೊದಲ ದಿನ ಎದ್ದು ತೋಟಕ್ಕೆ ಹೋಗ್ಬಿಟ್ರು. ಮಾರನೇ ದಿನ ಅವರೇ ಬಂದು ಬೀರು ಕೀ ನನ್ನ ಕೈಗೆ ಕೊಟ್ರು, ಏನೂ ಮಾತಾಡ್ಲಿಲ್ಲ. ಭಾನುವಾರ ಅವರೆಕಾಯಿ ಬಿಡಿಸ್ತಾ ಕೂತಾಗ ಹೇಳಿದೆ, ಮೇಡಂ ಬರೆದ ಹಾಗೇ ಹೇಳ್ಬೇಕು ಅಂತ ಮನಸ್ಸಲ್ಲಿ ಎಷ್ಟು ಸಲ ಹೇಳ್ಕೊಂಡಿದ್ದೆ, ಬಾಯಿಗೆ ಬಂದಿದ್ದು ಬರೀ ಅಮ್ಮ ತಪ್ಪಾಯ್ತು ಅಂತ ಅಷ್ಟೆ. ಅಮ್ಮ ಕಾಯಿ ಬಿಡಿಸೋದು ನಿಲ್ಲಿಸ್ಲಿಲ್ಲ. ಸ್ವಲ್ಪ ಹೊತ್ತಾದ್ಮೇಲೆ ಕೇಳಿದ್ರು, ಎಷ್ಟನೇ ಸ್ಟೇಜು. ಎರಡು ಅಂದೆ. ಹೌದಾ ಅಂದ್ರು, ನಾನು ನಾಲ್ಕು ಅಂದ್ಕೊಂಡಿದ್ದೆ ಅಂದ್ರು. ಹತ್ತು ತಿಂಗಳು ಅಮ್ಮ ನಾಲ್ಕನೇ ಸ್ಟೇಜು ಅಂದ್ಕೊಂಡು, ಅದಕ್ಕೇ ಯಾರೂ ಹೇಳ್ತಿಲ್ಲ ಅಂದ್ಕೊಂಡು, ನಮಗೆ ಅಡುಗೆ ಮಾಡಿ ಹಾಕಿದಾರೆ. ಆಮೇಲೆ ಬೈದ್ರು ನೋಡಿ, ಅಕ್ಕ ಹೇಳಿದ ಹಾಗೆ, ಪಕ್ಕದ ಮನೆಗೆ ಕೇಳಿಸೋ ಹಾಗೆ ಬೈದ್ರು, ನನ್ನ, ಅಪ್ಪನ್ನ, ಊರಲ್ಲಿಲ್ಲದ ಮಾವನ್ನ. ಫೈಲ್ ತರಿಸಿ ಒಂದೊಂದೇ ಹಾಳೆ ಓದಿ ಹೇಳು ಅಂದ್ರು, ಅವರೆಕಾಯಿ ಹಾಗೇ ಉಳೀತು.

ಈಗಲೂ ಮಾತು ಕಮ್ಮಿನೇ. ಜಿಲ್ಲಾಸ್ಪತ್ರೇಲಿ ಮನೋವೈದ್ಯರಿಗೆ ತೋರಿಸಿದ್ವಿ, ಖಿನ್ನತೆ ಇದೆ ಅಂತ ಹೇಳಿ ಒಂದು ಮಾತ್ರೆ ಬರೆದಿದಾರೆ, ಕ್ಯಾನ್ಸರ್ ಡಾಕ್ಟ್ರಿಗೂ ಚೀಟಿ ತೋರಿಸಿದ್ವಿ, ಸರಿ ಅಂದ್ರು. ಕೆಲಸ ಮಾಡೋಕೆ ಕೆಲವು ವಾರ ಬೇಕಂತೆ. ಮೈ ಬಿಸಿ ಆಗೋದು ನಿಜ, ಎರಡು ಗಂಟೆಗೆ ಏಳೋದು ಅದಕ್ಕೇ ಅಂತೆ, ಯಾರೂ ಕೇಳ್ಲಿಲ್ಲ ಅದಕ್ಕೆ ಹೇಳ್ಲಿಲ್ಲ ಅಂದ್ರು. ಬ್ಲೌಸಿಗೆ ಜೇಬು ಹೊಲಿಸಿದ್ವಿ, ಸಾಸಿವೆ ಚೀಲ ಅಮ್ಮನೇ ಹೊಲ್ಕೊಂಡ್ರು.

ಕೈ ವಿಷಯ ಒಂದು ಕೇಳ್ಬೇಕಿತ್ತು. ಎಡಗೈ ಮೊಣಕೈ ಕೆಳಗೆ ಸ್ವಲ್ಪ ಊದಿದೆ, ಹಳೇ ಬಳೆ ಏರ್ತಿಲ್ಲ. ಫಿಸಿಯೋ ಅವರು ತೋಳಿಗೆ ಹಾಕೋ ಟೈಟ್ ಸ್ಲೀವ್ ಬೇಕು, ಸರಿಯಾಗಿ ಅಳತೆ ತಗೊಂಡೇ ತರಿಸ್ಬೇಕು ಅಂದಿದಾರೆ. ಮೈಸೂರಲ್ಲಿ ಅಳತೆ ತಗೊಳ್ಳೋರು, ಆದಷ್ಟು ಹೆಂಗಸರೇ, ಯಾರಿಗಾದ್ರೂ ಗೊತ್ತಾ? ಅಮ್ಮನೇ ಕೇಳು ಅಂದ್ರು, ಪಕ್ಕದಲ್ಲೇ ಕೂತಿದಾರೆ.